ಹೊಲದ ದಣಿವೂ ಲೆಕ್ಕಕ್ಕೆ ಬರಲಿ

ಕಬಡ್ಡಿ ತಂಡ ನಡೆಸುವವನಿಗೆ ಪಂದ್ಯಗಳ ಪಟ್ಟಿಗಿಂತ ಮೊದಲು ಗೊತ್ತಿರಬೇಕಾದದ್ದು ಹುಡುಗರ ಊರಿನ ಬೆಳೆ. ಇದನ್ನು ನನಗೆ ಕಲಿಸಿದ್ದು ದಾವಣಗೆರೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳು. ಚನ್ನಗಿರಿಯ ಹುಡುಗ ಅಡಿಕೆ ಕೊಯ್ಲಿನಲ್ಲಿ ಹಗಲೆಲ್ಲ ಗೊನೆ ಹೊತ್ತು, ಸುಲಿದ ಕಾಯಿ ಬೇಯುವ ಹಂಡೆಯ ಮುಂದೆ ರಾತ್ರಿಯೂ ಎದ್ದಿರುತ್ತಾನೆ. ಹೊನ್ನಾಳಿಯವನಿಗೆ ಭತ್ತದ ನಾಟಿಯಲ್ಲಿ ಕೆಸರಿನಿಂದ ಕಾಲು ಕೀಳುವುದರಲ್ಲೇ ಸಾಕಾಗಿರುತ್ತದೆ. ನ್ಯಾಮತಿ, ಜಗಳೂರಿನವರ ಬೆನ್ನಿಗೆ ಮೆಕ್ಕೆಜೋಳದ ಚೀಲ.

ಇಂಥವನು ಸಂಜೆ ಅಂಕಣದಲ್ಲಿ ನಿಧಾನವಾದರೆ ‘ಸೋಮಾರಿ’ ಎಂದು ಬೈದು ಇನ್ನೆರಡು ಸುತ್ತು ಓಡಿಸುವುದು ನಮ್ಮಲ್ಲಿ ರೂಢಿ. ಆದರೆ ಅಭ್ಯಾಸ ಮೈಯನ್ನು ದಣಿಸುತ್ತದೆಯಷ್ಟೆ. ಮೈ ಗಟ್ಟಿಯಾಗುವುದು ಆಮೇಲಿನ ಊಟ, ನಿದ್ದೆಯಲ್ಲಿ.

ಅಮೆರಿಕದ ಕ್ರೀಡಾ ವಿಜ್ಞಾನಿ ಕಾರ್ಲ್ ಫಾಸ್ಟರ್ ರೂಪಿಸಿದ ಸರಳ ಲೆಕ್ಕವೊಂದಿದೆ. ಎಷ್ಟು ಕಷ್ಟವಾಯಿತು ಎಂಬುದಕ್ಕೆ ಆಟಗಾರನೇ 10ರೊಳಗೆ ಅಂಕ ಕೊಡಬೇಕು. ಅದನ್ನು ನಿಮಿಷಗಳಿಂದ ಗುಣಿಸಬೇಕು. ಒಂದು ಗಂಟೆಯ ಅಭ್ಯಾಸಕ್ಕೆ 7 ಕೊಟ್ಟರೆ 420. ಇದೇ ಲೆಕ್ಕವನ್ನು ತೋಟಕ್ಕೂ ಹಚ್ಚಿ: ನಾಲ್ಕು ಗಂಟೆ ಗೊನೆ ಹೊತ್ತದ್ದಕ್ಕೆ 5 ಕೊಟ್ಟರೂ 1200! ಹೊರುವುದೂ ರೈಡ್ ಮಾಡುವುದೂ ಒಂದೇ ಬಗೆಯ ಶ್ರಮವಲ್ಲ, ನಿಜ. ಆದರೂ ಎರಡನ್ನೂ ತೀರಿಸಬೇಕಾದ್ದು ಅದೇ ರಾತ್ರಿಯ ನಿದ್ದೆ.

ಹಾಗಾಗಿ ಈಗ ಹುಡುಗರು ಬಂದ ಕೂಡಲೇ ನಾನು ಕೇಳುವುದು, “ನಿನ್ನೆ ಎಷ್ಟೊತ್ತಿಗೆ ಮಲಗಿದ್ಯೋ?” “ಹಂಡೆ ಇತ್ತಣ್ಣ” ಎಂದರೆ ಅವನಿಗೆ ಅಂದು ಹಿಡಿತದ ಅಭ್ಯಾಸವಿಲ್ಲ. ಮೈ ಸಡಿಲಿಸಿ, ಆಟ ನೋಡಿ, ಬೇಗ ಮನೆಗೆ ಹೋಗುತ್ತಾನೆ. ಸುಗ್ಗಿಯಲ್ಲಿ ಅಭ್ಯಾಸದ ದಿನಗಳನ್ನೇ ಕಡಿಮೆ ಮಾಡುತ್ತೇವೆ. ಕೆಲಸ ಹಗುರಾದ ಮೇಲೂ ಒಮ್ಮೆಲೇ ಏರಿಸದೆ ವಾರವಾರಕ್ಕೆ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತೇವೆ.

ಜಾತ್ರೆಯ ಹೊನಲು ಬೆಳಕಿನ ಪಂದ್ಯಾವಳಿಯದು ಬೇರೆಯೇ ಕಷ್ಟ. ಸೋತವರು ಊಟ ಮಾಡಿ ಮಲಗುತ್ತಾರೆ. ಗೆದ್ದವರು ಬೆಳಗಿನ ಜಾವದವರೆಗೆ ಆಡುತ್ತಲೇ ಇರಬೇಕು. ನಾಕೌಟ್ ಆಟದಲ್ಲಿ ಗೆದ್ದಷ್ಟೂ ವಿಶ್ರಾಂತಿ ಕಡಿಮೆ. ಪಂದ್ಯಗಳ ನಡುವೆ ತಣ್ಣನೆಯ ಮಣ್ಣಿನ ಮೇಲೆ ಕೂತವನ ಸ್ನಾಯು ಬಿಗಿದುಕೊಳ್ಳುತ್ತದೆ. ಅದಕ್ಕೇ ಬೆವರಿದ ಬನಿಯನ್ ಬದಲಿಸುವುದು, ನೀರು, ಬಾಳೆಹಣ್ಣು, ಮತ್ತೆ ಇಳಿಯುವ ಮುನ್ನ ಮೈ ಬಿಸಿ ಮಾಡುವುದು — ಇಷ್ಟನ್ನು ತಪ್ಪಿಸುವುದಿಲ್ಲ.

ಕಬಡ್ಡಿಯ ನಿಯಮದಲ್ಲೇ ಇದಕ್ಕೊಂದು ದಾರಿಯಿದೆ. 12 ಜನರ ತಂಡದಲ್ಲಿ ಅಂಕಣಕ್ಕಿಳಿಯುವವರು ಏಳೇ ಮಂದಿ. ಹಳ್ಳಿ ತಂಡಗಳಲ್ಲಿ ಉಳಿದ ಐವರು ಹೆಸರಿಗಷ್ಟೇ ಇರುತ್ತಾರೆ. ಮೊದಲ ಸುತ್ತಿನಲ್ಲಿ ಮುನ್ನಡೆ ಸಿಕ್ಕ ಕೂಡಲೇ ಅವರನ್ನು ಇಳಿಸಿ, ಮುಖ್ಯ ರೈಡರನ್ನು ಹೊರಗೆ ಕೂರಿಸಿ. ನೋಡುವವರು ಕೂಗಾಡಿದರೆ ಕೂಗಾಡಲಿ. ಫೈನಲ್ ಆಡುವ ಕಾಲು ಅವರದಲ್ಲ.