ಜೋಡುಪದ ಕಂಡ ಕೂಡಲೇ ಚೀಟಿ ಬರೆಯಬೇಡಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮಾತುಗಳನ್ನು ಕಲೆಹಾಕಿ ಪದಕೋಶ ಮಾಡಲು ಹೊರಟಿದ್ದೀರಿ. ಒಳ್ಳೆಯ ಕೆಲಸ, ಮಾಡಿ. ಆದರೆ ಎರಡು ಪದ ಅಕ್ಕಪಕ್ಕ ಕೂತದ್ದು ಕಂಡ ಕೂಡಲೇ ಚೀಟಿ ಬರೆದು ಡಬ್ಬಿಗೆ ಹಾಕುವ ಆತುರ ಬೇಡ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಬಿಡಿ ಪದಗಳ ಅರ್ಥ ಬಲ್ಲವರಿಗೆ ಇಡೀ ಮಾತು ತಾನಾಗಿ ತಿಳಿಯುತ್ತದೆಯೇ? ಮೊದಲು ಇದನ್ನು ನೋಡಿ. ‘ಎತ್ತಿನ ಗಾಡಿ’ ತಿಳಿಯುತ್ತದೆ, ಬಿಟ್ಟುಬಿಡಿ. ‘ಹೊಗೆಸೊಪ್ಪು’ ಹಾಗಲ್ಲ. ಹೊಗೆ ಗೊತ್ತು, ಸೊಪ್ಪು ಗೊತ್ತು ಎಂದ ಮಾತ್ರಕ್ಕೆ, ಹುಣಸೂರಿನ ಹರಾಜಿಗೆ ಬರುವ ತಂಬಾಕೇ ಅದು ಎಂದು ಪರಊರಿನವರಿಗೆ ಗೊತ್ತಾಗದು. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನ ಇರುವುದು ಬೆಟ್ಟದ ಮೇಲೆ, ಆದರೂ ಅವನಿಗೆ ನಡೆದುಕೊಳ್ಳುವ ಒಕ್ಕಲಿಗೆ ಅವನೇ ‘ಮನೆದೇವರು’. ಇಂಥವನ್ನು ಬಿಡಲೇಬೇಡಿ.

ಅಂಟಿಸಿ ಬರೆದಿದ್ದಾರೋ ಬಿಡಿಸಿ ಬರೆದಿದ್ದಾರೋ ಎಂಬುದನ್ನೇ ನೆಚ್ಚಿಕೊಳ್ಳಬೇಡಿ. ಫ್ರೆಂಚರು ಆಲೂಗೆಡ್ಡೆಗೆ ‘ಪೋಮ್ ದ ತೆರ್’, ಅಂದರೆ ನೆಲದ ಸೇಬು ಅನ್ನುತ್ತಾರೆ. ಬರೆಯುವುದು ಮೂರು ಬಿಡಿ ಪದಗಳಾಗಿ, ಆದರೂ ಅವರ ನಿಘಂಟಿನಲ್ಲಿ ಅದಕ್ಕೆ ಜಾಗ ಉಂಟು. ಅದಕ್ಕಿಂತ ನಡುವೆ ಇನ್ನೊಂದು ಪದ ತೂರಿಸಿ ನೋಡಿ. ‘ಎತ್ತಿನ ಹಳೇ ಗಾಡಿ’ ನಡೆಯುತ್ತದೆ. ‘ಮನೆ ಹಳೇ ದೇವರು’ ಅಂದರೆ ಮಾತೇ ಕೆಟ್ಟಿತು. ಹೆಬ್ಬಾವು, ಮುಂಗಾರಿನಂತೆ ಸಂಧಿಯಲ್ಲಿ ರೂಪವೇ ಬದಲಾದವನ್ನು ಕಣ್ಣುಮುಚ್ಚಿ ಸೇರಿಸಿ. ತಂಬಾಕು ಮಂಡಳಿಯಂಥ ಸಂಸ್ಥೆಗಳ ಹೆಸರು ಬೇಡ.

ನಿಮ್ಮದು ಇನ್ನೊಂದು ಕೆಟ್ಟ ಅಭ್ಯಾಸ: ಪುಸ್ತಕದಲ್ಲಿಲ್ಲ ಎಂದು ಹೊಲದ ಮಾತನ್ನು ತಳ್ಳಿಹಾಕುವುದು. ಹಿತ್ತಲ ಗಿಡ ಮದ್ದಲ್ಲ ಅನ್ನುವ ಬುದ್ಧಿ ಅದು. 1894ರ ಕಿಟ್ಟೆಲ್ ಕೋಶವನ್ನೂ, 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನೂ ತೆರೆದು ನೋಡಿ. ಅಲ್ಲಿ ಸಿಗದಿದ್ದರೆ ಆ ಮಾತೇ ತಪ್ಪು ಎಂದುಕೊಳ್ಳಬೇಡಿ. ಹಾಗೆಂದು ಒಬ್ಬರ ಬಾಯಲ್ಲಿ ಒಮ್ಮೆ ಕೇಳಿದ್ದನ್ನು ನಂಬಲೂಬೇಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದಿದ್ದಾರೆ ಹಿರಿಯರು. ತಂಬಾಕು ಒಣಗಿಸುವ ಬ್ಯಾರನ್ ಹತ್ತಿರ ಕೇಳಿದ ಮಾತನ್ನು ಕೆ.ಆರ್. ನಗರದ ಗದ್ದೆ ಬಯಲಲ್ಲೂ ವಿಚಾರಿಸಿ. ಪದವನ್ನು ನೀವೇ ಅವರ ಬಾಯಿಗೆ ತುರುಕಬೇಡಿ; ವಸ್ತು ತೋರಿಸಿ, ‘ಇದಕ್ಕೆ ಏನಂತೀರವ್ವಾ?’ ಎಂದು ಕೇಳಿ ಸುಮ್ಮನಿರಿ. ಅವರಾಡಿದ ಇಡೀ ವಾಕ್ಯವನ್ನು ಊರು, ತಾಲ್ಲೂಕು, ತಾರೀಖು ಸಮೇತ ಬರೆದುಕೊಳ್ಳಿ. ಬರೀ ಅರ್ಥ ಗೀಚಿ ತಂದರೆ ಮುಂದೆ ತಿದ್ದುವವರಿಗೆ ತಲೆಬುಡ ತಿಳಿಯದು. ಎಚ್.ಡಿ. ಕೋಟೆ ಕಡೆಯ ಹಾಡಿಗಳಲ್ಲಿ ಜೇನುಕುರುಬರ ಬಾಯಿಂದ ಕೇಳಿದ ಪದಕ್ಕೆ ಬೇರೆ ಗುರುತು ಹಾಕಿ, ಎಲ್ಲದರ ಜೊತೆ ಕಲಸಬೇಡಿ.

ಅನುಮಾನ ಉಳಿದ ಚೀಟಿಯನ್ನು ಹರಿಯಬೇಡಿ. ಬೇರೆ ಲಕೋಟೆಯಲ್ಲಿಟ್ಟು, ಮುಂದಿನ ಸಲ ಸಂತೆಗೋ ಜಾತ್ರೆಗೋ ಹೋದಾಗ ಇನ್ನಿಬ್ಬರನ್ನು ಕೇಳಿ.