ಸ್ಕ್ರೀನ್‌ಗಿಂತ ಮೊದಲು ಬಾಗಿಲು

ಮೈಸೂರಿನಲ್ಲಿ ಕಾರುಗಳಿಗೆ ಸ್ಟೀರಿಯೋ ಕೂರಿಸುವ ಕೆಲಸ ಹಿಡಿದು ನನಗೆ 22 ವರ್ಷವಾಯಿತು. ಕಲಿತದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ. ಮಾರುತಿ 800ರ ಹಿಂದಿನ ಟ್ರೇ ಮೇಲೆ ಒಂದು ಜೊತೆ ಓವಲ್ ಸ್ಪೀಕರ್, ಮುಂದೆ ಕ್ಯಾಸೆಟ್ ಡೆಕ್ ಕೂರಿಸಿಕೊಟ್ಟರೆ ಗಿರಾಕಿಗಳು ಹಬ್ಬದ ಮುಖ ಮಾಡಿಕೊಂಡು ಹೋಗುತ್ತಿದ್ದ ಕಾಲ ಅದು. ಈಗ ಬರುವವರು ಮೊಬೈಲಿನಲ್ಲಿ ಒಂಬತ್ತು ಇಂಚಿನ ಸ್ಕ್ರೀನಿನ ಫೋಟೋ ತೋರಿಸಿ, "ಇದೇ ಬೇಕು ಅಣ್ಣ" ಅನ್ನುತ್ತಾರೆ. ಅವರಿಗೆ ನಾನು ಹೇಳುವ ಮಾತುಗಳು ಇವು.

1. ಬಿಚ್ಚುವ ಮೊದಲು ಕೂತು ಕೇಳಿ

ನಿಮಗೆ ಬಾಯಿಪಾಠವಾಗಿರುವ ಒಂದು ಹಾಡು ಹಾಕಿ. ಮೊದಲು ಎಂಜಿನ್ ಆಫ್ ಮಾಡಿ ಕೇಳಿ, ಆಮೇಲೆ ರಿಂಗ್ ರೋಡಿನಲ್ಲಿ 80ರ ವೇಗದಲ್ಲಿ ಕೇಳಿ. ಮಾತು ಸ್ಪಷ್ಟವಿಲ್ಲವೋ, ತಬಲಾದ ಎಡಗೈ ಕೇಳಿಸುತ್ತಿಲ್ಲವೋ, ರಸ್ತೆಯ ಸದ್ದೇ ಎಲ್ಲವನ್ನೂ ನುಂಗುತ್ತಿದೆಯೋ ನೋಡಿಕೊಳ್ಳಿ. ಈ ಮೂರಕ್ಕೂ ಮದ್ದು ಬೇರೆ ಬೇರೆ. ನಾನು ಕಂಡಂತೆ ಹೆಚ್ಚಿನ ಗಾಡಿಗಳಲ್ಲಿ ಕಂಪನಿ ಡೆಕ್ ಚೆನ್ನಾಗಿಯೇ ಇರುತ್ತದೆ. ಸೋತಿರುವುದು ಹಗುರ ಮ್ಯಾಗ್ನೆಟ್ಟಿನ, ಕಾಗದದ ಕೋನಿನ ಸ್ಪೀಕರ್. 30,000 ರೂಪಾಯಿ ಕೈಯಲ್ಲಿದ್ದರೆ ಮೊದಲ ಪಾಲು ಮುಂದಿನ ಎರಡು ಬಾಗಿಲುಗಳಿಗೆ ಹೋಗಲಿ.

2. ಬಾಗಿಲೇ ಸ್ಪೀಕರಿನ ಪೆಟ್ಟಿಗೆ

ಕೋನಿನ ಮುಂದಿನ ಗಾಳಿಯೂ ಹಿಂದಿನ ಗಾಳಿಯೂ ಬಾಗಿಲಿನ ತೂತುಗಳಲ್ಲಿ ಸೇರಿಕೊಂಡರೆ ಒಂದನ್ನೊಂದು ತಿಂದುಹಾಕುತ್ತವೆ. ಆಗ ಎಷ್ಟು ದುಬಾರಿ ಸ್ಪೀಕರ್ ಹಾಕಿದರೂ ಗುಮ್ಮೆನ್ನುವ ಸದ್ದು ಬರುವುದಿಲ್ಲ. ಡೋರ್ ಪ್ಯಾಡ್ ಬಿಚ್ಚಿ ತಗಡನ್ನು ಬೆರಳ ಗೆಣ್ಣಿನಿಂದ ಬಡಿಯಿರಿ, ಖಾಲಿ ಎಣ್ಣೆ ಡಬ್ಬದಂತೆ ಟಣ್ ಅನ್ನುತ್ತದೆ. ಒಳಮೈ ಒರೆಸಿ, ಬ್ಯುಟೈಲ್ ಶೀಟ್ ಅಂಟಿಸಿ, ರೋಲರಿನಿಂದ ಒತ್ತಿ ಉರುಳಿಸಿ, ಮತ್ತೆ ಬಡಿಯಿರಿ. ಈಗ ಮರದ ಹಲಗೆ ಬಡಿದಂತೆ ಠಪ್ ಅನ್ನುತ್ತದೆ. ಆ ಎರಡು ಸದ್ದುಗಳನ್ನು ಗಿರಾಕಿಯ ಕೈಯಿಂದಲೇ ಬಡಿಸಿ ಕೇಳಿಸುತ್ತೇನೆ. ಆಮೇಲೆ ಯಾರೂ ಶೀಟಿನ ಹಣಕ್ಕೆ ಚೌಕಾಸಿ ಮಾಡಿಲ್ಲ. ಸ್ಪೀಕರ್ ಕೂರಿಸುವ ರಿಂಗ್ ಎಂ.ಡಿ.ಎಫ್. ಆಗಿದ್ದರೆ ನೀರು ಕುಡಿದು ಉಬ್ಬುತ್ತದೆ. ಮರೈನ್ ಪ್ಲೈವುಡ್ ಇಲ್ಲವೇ ಗಟ್ಟಿ ಪ್ಲಾಸ್ಟಿಕ್ ಹಾಕಿಸಿ.

ಒಂದು ಮಳೆಗಾಲದಲ್ಲಿ ಮಡಿಕೇರಿ ಕಡೆಯ ಕಾಫಿ ಬೆಳೆಗಾರರೊಬ್ಬರು ಬಂದರು. ಬೇರೆಲ್ಲೋ ಸ್ಪೀಕರ್ ಬದಲಾಯಿಸಿದ ಮೇಲೆ ಗಾಡಿಯೊಳಗೆ ಕಾರ್ಪೆಟ್ ಹಿಂಡಿದರೆ ನೀರು, ಮುಗ್ಗಲು ವಾಸನೆ. ಕಿಟಕಿ ಗಾಜಿನಿಂದ ಇಳಿಯುವ ಮಳೆನೀರು ಬಾಗಿಲಿನ ಹೊಟ್ಟೆಯೊಳಗೆ ಹೋಗಿಯೇ ಹೋಗುತ್ತದೆ, ತಳದ ಸಣ್ಣ ತೂತುಗಳಿಂದ ಹೊರಬೀಳುತ್ತದೆ. ಅದು ಒಳಕ್ಕೆ ಬರದಂತೆ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಇರುತ್ತದೆ. ಆ ಹಾಳೆಯನ್ನು ಹರಿದು ಹಾಗೇ ಬಿಟ್ಟಿದ್ದರು. ತಳದ ತೂತುಗಳನ್ನೂ ಬ್ಯುಟೈಲ್ ಶೀಟಿನಿಂದ ಮುಚ್ಚಿದ್ದರು. ಹೊಸ ಗಾಡಿಯ ಬಾಗಿಲು ಒಳಗಿನಿಂದ ತುಕ್ಕು ಹಿಡಿಯಲು ಶುರುವಾಗಿತ್ತು.

ಇನ್ನೊಂದು ಮಾತು. ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾದರೆ ಎಡದ ಕೋನ್ ಮುಂದೆ ಬರುವಾಗ ಬಲದ್ದು ಹಿಂದೆ ಹೋಗುತ್ತದೆ, ಬೇಸ್ ಮಾಯವಾಗುತ್ತದೆ. ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ತಂದು ಸ್ಪೀಕರ್ ವೈರಿಗೆ ಒಂದು ಕ್ಷಣ ಮುಟ್ಟಿಸಿ. ಸೆಲ್ಲಿನ ಪ್ಲಸ್ಸು ಸ್ಪೀಕರಿನ ಪ್ಲಸ್ಸಿಗೆ ತಾಗಿದ್ದರೆ ಕೋನ್ ಹೊರಕ್ಕೆ ಜಿಗಿಯುತ್ತದೆ.

3. ಡಬ್ಬದ ಮೇಲಿನ ವ್ಯಾಟ್

"50 ವ್ಯಾಟ್ x 4" ಎಂದು ಬರೆದಿರುತ್ತದೆ. ಎಂಜಿನ್ ಓಡುವಾಗ ಸಿಗುವುದು ಸುಮಾರು 14 ವೋಲ್ಟ್. 4 ಓಮಿನ ಸ್ಪೀಕರಿಗೆ ಅದರಿಂದ ಶುದ್ಧವಾಗಿ ಕೊಡಲಾಗುವುದು ಹೆಚ್ಚುಕಡಿಮೆ 20 ವ್ಯಾಟ್. ನಂಬಿಕೆ ಬಾರದಿದ್ದರೆ ಡೆಕ್ಕಿನ ಬೆನ್ನಲ್ಲಿರುವ ಫ್ಯೂಸ್ ನೋಡಿ. 10 ಆಂಪಿಯರ್ ಇದ್ದರೆ ಒಳಗೆ ಹೋಗುವುದೇ 140 ವ್ಯಾಟ್, ಅದರಲ್ಲೂ ಒಂದು ದೊಡ್ಡ ಪಾಲು ಶಾಖವಾಗಿ ಹೋಗುತ್ತದೆ. 200 ವ್ಯಾಟ್ ಎಲ್ಲಿಂದ ಬರಬೇಕು? ಸ್ಪೀಕರ್ ಕೊಳ್ಳುವಾಗಲೂ ಆರ್.ಎಂ.ಎಸ್. ಅಂಕಿಯನ್ನು, ಅಂದರೆ ಸತತವಾಗಿ ತಾಳುವ ವ್ಯಾಟನ್ನು ಮಾತ್ರ ಓದಿ.

4. ಹಳದಿ, ಕೆಂಪು, ಕಪ್ಪು

ಹಳದಿ ಸದಾ ಕರೆಂಟ್ ಇರುವ ವೈರ್, ಕೆಂಪು ಕೀಲಿ ತಿರುಗಿಸಿದಾಗ ಮಾತ್ರ, ಕಪ್ಪು ಅರ್ತ್. ಇದು ಹೊರಗೆ ಕೊಳ್ಳುವ ಡೆಕ್ಕಿನ ಬಣ್ಣ. ಗಾಡಿಯ ವೈರಿನ ಬಣ್ಣ ಬೇರೆಯೇ ಇರಬಹುದು, ಮಲ್ಟಿಮೀಟರ್ ಇಟ್ಟೇ ನೋಡಬೇಕು. ಕೆಂಪು ಹಳದಿ ತಿರುಗುಮುರುಗಾದರೆ ಕೀಲಿ ತೆಗೆದಾಗಲೆಲ್ಲ ಸ್ಟೇಷನ್ ಮರೆತುಹೋಗುತ್ತದೆ. ಎರಡನ್ನೂ ಸದಾ ಕರೆಂಟಿಗೆ ಸೇರಿಸಿದರೆ ಡೆಕ್ ಮಲಗುವುದೇ ಇಲ್ಲ, ಊರಿಗೆ ಹೋಗಿ ಬರುವಷ್ಟರಲ್ಲಿ ಬ್ಯಾಟರಿ ಖಾಲಿ. ಕಂಪನಿಯ ವೈರ್ ಕತ್ತರಿಸಬೇಡಿ. ನಿಮ್ಮ ಗಾಡಿಗೆ ಹೊಂದುವ ಕಪ್ಲರ್ ಸಿಗುತ್ತದೆ, ವಾರಂಟಿಯ ತಕರಾರಿಗೂ ಆಸ್ಪದ ಕಡಿಮೆ. ಸ್ಟೀರಿಂಗ್ ಕೆಳಗೆ ಹಳದಿ ಕವಚದ ವೈರುಗಳು ಕಂಡರೆ ಅವು ಏರ್‌ಬ್ಯಾಗಿನವು, ಕೈ ಹಾಕಲೇಬಾರದು.

5. ಟೇಪ್ ನಂಬಬೇಡಿ

ಅಂಗಡಿ ಹಾಕಿದ ಹೊಸದರಲ್ಲಿ ಒಂದು ಗಾಡಿಗೆ ಆಂಪ್ಲಿಫೈಯರ್ ಹಾಕಿದೆ. ಬ್ಯಾಟರಿಯಿಂದ ಡಿಕ್ಕಿಗೆ ಎಳೆದ ವೈರ್ ಮೊಳದಷ್ಟು ಕಡಿಮೆ ಬಿತ್ತು. ಇನ್ನೊಂದು ತುಂಡು ತಿರುಚಿ ಸೇರಿಸಿ ಇನ್ಸುಲೇಷನ್ ಟೇಪ್ ಸುತ್ತಿದೆ. ಫ್ಯೂಸನ್ನು ಕೈಗೆ ಸಿಗಲಿ ಎಂದು ಹಿಂದೆ, ಆಂಪಿನ ಪಕ್ಕದಲ್ಲಿಟ್ಟೆ. ಏಪ್ರಿಲ್ ಬಿಸಿಲಿನಲ್ಲಿ ಅವರು ಸಂಸಾರ ಸಮೇತ ರಾಯಚೂರಿಗೆ ಹೊರಟರು. ದಾರಿಯಲ್ಲಿ ಟೇಪಿನ ಅಂಟು ಕರಗಿ ಜಾರಿತು, ವೈರ್ ಸೀಟಿನ ಕಬ್ಬಿಣಕ್ಕೆ ತಾಗಿತು. ಶಾರ್ಟ್ ಆದದ್ದು ಫ್ಯೂಸಿಗಿಂತ ಮುಂಚೆ, ಹಾಗಾಗಿ ಫ್ಯೂಸ್ ಸುಡಲೇ ಇಲ್ಲ. ಮಕ್ಕಳು ಕೂತಿದ್ದ ಸೀಟಿನ ಕೆಳಗಿನಿಂದ ಹೊಗೆ ಎದ್ದಿತು. ಅವರು ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿ ಬ್ಯಾಟರಿ ಟರ್ಮಿನಲ್ ಕಿತ್ತರು. ಸುಟ್ಟ ಆ ವೈರಿನ ತುಂಡು ಇಂದಿಗೂ ನನ್ನ ಅಂಗಡಿಯ ಗೋಡೆಯ ಮೇಲಿದೆ, ಕಲಿಯಲು ಬರುವ ಹುಡುಗರಿಗೆ ಮೊದಲು ತೋರಿಸುವುದು ಅದನ್ನೇ.

ಫ್ಯೂಸ್ ಬ್ಯಾಟರಿಯಿಂದ ಎರಡು ಗೇಣಿನೊಳಗೇ ಇರಬೇಕು. ವೈರ್ ಒಂದೇ ಉದ್ದ ಇರಬೇಕು. ಕೊಳ್ಳುವಾಗ ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ, ಬೇಡ ಅನ್ನಿ.

6. ಕುಯ್ಯ್ ಅನ್ನುವ ಸದ್ದು

ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಕುಯ್ಯ್ ಎಂಬ ಸದ್ದು ಏರಿದರೆ ಅದು ಆಲ್ಟರ್ನೇಟರಿನದು. ಹತ್ತಕ್ಕೆ ಎಂಟು ಸಲ ಅರ್ತ್ ಸರಿಯಿರುವುದಿಲ್ಲ. ಬಣ್ಣ ಕೆರೆದು ಬರಿ ತಗಡಿಗೆ ಬೋಲ್ಟ್ ಬಿಗಿಯಿರಿ, ಸಿಗ್ನಲ್ ವೈರನ್ನು ಕರೆಂಟ್ ವೈರಿನ ಜೊತೆ ಎಳೆಯದೆ ಇನ್ನೊಂದು ಬದಿಯಿಂದ ಎಳೆಯಿರಿ.

7. ರೇಡಿಯೋ ಮರೆಯಬೇಡಿ

ನಿವೃತ್ತ ಮೇಷ್ಟ್ರೊಬ್ಬರು ಮಗ ಹಾಕಿಸಿಕೊಟ್ಟ ಹೊಸ ಆಂಡ್ರಾಯ್ಡ್ ಸ್ಕ್ರೀನಿನ ಗಾಡಿ ತಂದು ನಿಲ್ಲಿಸಿದರು. "ಇದರಲ್ಲಿ ಬೆಂಗಳೂರಿಗೆ ಹೋದರೆ ಎಲ್ಲಾ ಬರುತ್ತಪ್ಪಾ, ನಮ್ಮೂರ ಆಕಾಶವಾಣಿ ಒಂದು ಗರಗರ ಅನ್ನುತ್ತೆ." 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರ ಬಾನುಲಿ ಕೇಂದ್ರದಿಂದ ಆಕಾಶವಾಣಿ ಎಂಬ ಹೆಸರು ಹೊರಟ ಊರು ಇದು; ಇಲ್ಲೇ ಬರದಿದ್ದರೆ ಹೇಗೆ! ಸೆಟ್ಟಿಂಗ್ ತೆರೆದೆ. ಪ್ರದೇಶ ಅಮೆರಿಕ ಎಂದಿತ್ತು. ಅಲ್ಲಿ ಎಫ್.ಎಂ. ಸ್ಟೇಷನ್‌ಗಳ ಚುಕ್ಕಿಯ ನಂತರದ ಅಂಕಿ ಯಾವಾಗಲೂ ಬೆಸ, ಟ್ಯೂನರ್ 100.5ರಿಂದ ನೇರ 100.7ಕ್ಕೆ ಹಾರುತ್ತದೆ. ಬೆಂಗಳೂರಿನ 101.3, 102.9 ಬೆಸವಾದ್ದರಿಂದ ಸಿಗುತ್ತವೆ. ಮೈಸೂರಿನದು 100.6, ಹಾಸನದ್ದು 102.2; ಸಮ ಅಂಕಿಯಾದ್ದರಿಂದ ಇವು ತಪ್ಪಿಹೋಗುತ್ತವೆ. ಪ್ರದೇಶವನ್ನು ಏಷ್ಯಾ ಎಂದು ಬದಲಿಸಿದೆ. ಬೆನ್ನಿನ ನೀಲಿ ವೈರ್ ಜೋಡಿಸಿಯೇ ಇರಲಿಲ್ಲ, ಅದನ್ನೂ ಜೋಡಿಸಿದೆ. ಮಾಡಿನ ಮೇಲಿನ ಆಂಟೆನಾದ ಪುಟ್ಟ ಆಂಪಿಗೆ ಕರೆಂಟ್ ಹೋಗುವುದು ಅದರಿಂದಲೇ.

ವೀಣೆ ತೇಲಿಬಂತು. ಮೇಷ್ಟ್ರು ಬಾಗಿಲು ಎಳೆದುಕೊಂಡು ಒಳಗೇ ಕೂತರು, ಕಛೇರಿ ಮುಗಿಯುವವರೆಗೆ ಇಳಿಯಲಿಲ್ಲ. ಅಂದಿನಿಂದ ಯಾವ ಗಾಡಿಯ ಕೀಲಿ ಕೊಡುವ ಮೊದಲೂ 100.6 ಹಾಕಿ ನೋಡುತ್ತೇನೆ.