ದಾನದಿಂದ ಮೊದಲಾದ ಲಸಿಕೆ ಅನುದಾನದಿಂದ ಉಳಿಯಬೇಕು

ಶಿಶುಗಳಿಗೆ ಲಸಿಕೆ ಹಾಕಿಸುವುದು ಪುಣ್ಯಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ಒಮ್ಮೆ ಮಾಡಿ ಮುಗಿಸುವ ಪುಣ್ಯಕಾರ್ಯವಲ್ಲ. ಒಮ್ಮೆ ತೋಡಿಸಿದ ಬಾವಿ ಹಲವು ತಲೆಮಾರುಗಳಿಗೆ ನೀರು ಕೊಡುತ್ತದೆ. ಲಸಿಕೆಯಾದರೋ ಪ್ರತಿವರ್ಷ ಹುಟ್ಟುವ ಮಕ್ಕಳಿಗೆ ಪ್ರತಿವರ್ಷವೂ ಹೊಸದಾಗಿ ಬೇಕು. ನಮ್ಮ ದೇಶದಲ್ಲಿ ವರ್ಷವೊಂದಕ್ಕೆ ಎರಡು ಕೋಟಿಗೂ ಮಿಕ್ಕಿ ಶಿಶುಗಳು ಜನಿಸುತ್ತವೆ. ಈ ಭಾರವನ್ನು ಯಾವ ದಾನಿಯೂ ಬಹುಕಾಲ ಹೊರಲಾರನು. ಆದುದರಿಂದ ದಾನದಿಂದ ಆರಂಭವಾದ ಲಸಿಕಾ ಕಾರ್ಯವು ಸರ್ಕಾರದ ಆಯವ್ಯಯದಲ್ಲಿ ನೆಲೆಯಾಗುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಎರಡು ನಿದರ್ಶನಗಳು

ಭಾರತ ಸರ್ಕಾರವು 1978ರಲ್ಲಿ ಲಸಿಕಾ ಕಾರ್ಯಕ್ರಮವನ್ನು ಆರಂಭಿಸಿ, 1985ರಲ್ಲಿ ಅದನ್ನು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಗಿ ವಿಸ್ತರಿಸಿತು. ಅದೇ 1985ರಲ್ಲಿ ರೋಟರಿ ಸಂಸ್ಥೆಯು ಪೋಲಿಯೋ ನಿರ್ಮೂಲನದ ಸಂಕಲ್ಪ ತೊಟ್ಟಿತು. ದಾನಿಗಳು ಹಣವನ್ನೂ ಸ್ವಯಂಸೇವಕರನ್ನೂ ಒದಗಿಸಿದರು. ಸರ್ಕಾರವು 1995ರಿಂದ ಪಲ್ಸ್ ಪೋಲಿಯೋ ನಡೆಸಿ, ವೆಚ್ಚದ ದೊಡ್ಡ ಪಾಲನ್ನು ತಾನೇ ಹೊತ್ತುಕೊಂಡಿತು. 2011ರ ಜನವರಿಯಲ್ಲಿ ಹೌರಾ ಜಿಲ್ಲೆಯಲ್ಲಿ ಕಂಡ ಪ್ರಕರಣವೇ ಕಡೆಯದಾಯಿತು. 2014ರ ಮಾರ್ಚ್ 27ರಂದು ಭಾರತವು ಪೋಲಿಯೋಮುಕ್ತವೆಂಬ ಮನ್ನಣೆ ದೊರೆಯಿತು.

ಎರಡನೆಯದು ಹೆಪಟೈಟಿಸ್ ಬಿ, ಅಂದರೆ ಯಕೃತ್ತನ್ನು ಕೆಡಿಸುವ ಸೋಂಕುರೋಗ. ಗೇಟ್ಸ್ ಪ್ರತಿಷ್ಠಾನದ 75 ಕೋಟಿ ಡಾಲರುಗಳ ಕೊಡುಗೆಯ ಬಲದಿಂದ 2000ದಲ್ಲಿ ಸ್ಥಾಪಿತವಾದ ‘ಗಾವಿ’ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ನೆರವಿನಿಂದ ಈ ಲಸಿಕೆಯು ಮೊದಲು ಆಯ್ದ ಕೆಲವು ನಗರ, ಜಿಲ್ಲೆಗಳಿಗೆ ಬಂದಿತು. 2007-08ರಲ್ಲಿ ಹತ್ತು ರಾಜ್ಯಗಳಿಗೆ ಹಬ್ಬಿತು. ನಮ್ಮ ತವರಾದ ಕರ್ನಾಟಕವೂ ನಾವು ನೆಲೆಸಿರುವ ಮಹಾರಾಷ್ಟ್ರವೂ ಆ ಹತ್ತರಲ್ಲಿದ್ದುವು. 2011ರಲ್ಲಿ ದೇಶವ್ಯಾಪಿಯಾಯಿತು. ಇಂದು ಅದು ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆಯ ಅಂಗವಾಗಿ ಸರ್ಕಾರಿ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ.

ನಮ್ಮ ನಗರದ ಪಾಠ

ನವಿ ಮುಂಬಯಿಯ ನಾವು ದೂರ ಹೋಗಬೇಕಾಗಿಲ್ಲ. 2018ರ ಜುಲೈಯಲ್ಲಿ ಇಲ್ಲಿಯ ಮಹಾನಗರಪಾಲಿಕೆಯು 9 ತಿಂಗಳಿಂದ 14 ವರ್ಷದವರೆಗಿನ ಮಕ್ಕಳಿಗೆ ಟೈಫಾಯ್ಡಿನ ಹೊಸ ಸಂಯುಕ್ತ ಲಸಿಕೆಯನ್ನು ಹಾಕಿಸಲಾರಂಭಿಸಿತು. ಸಾರ್ವಜನಿಕ ವ್ಯವಸ್ಥೆಯಲ್ಲಿ ಈ ಲಸಿಕೆಯ ಪ್ರಯೋಗ ಜಗತ್ತಿನಲ್ಲಿಯೇ ಅದು ಮೊದಲನೆಯದು. ಮೊದಲ ಹಂತದಲ್ಲಿಯೇ ಒಂದು ಲಕ್ಷಕ್ಕೂ ಮಿಕ್ಕಿದ ಮಕ್ಕಳು ಲಸಿಕೆ ಪಡೆದರು. ಪರಿಣಾಮದ ಅಧ್ಯಯನಕ್ಕೆ ಗೇಟ್ಸ್ ಪ್ರತಿಷ್ಠಾನದ ನೆರವಿತ್ತು. ಇದು ಹೆಮ್ಮೆಯ ವಿಷಯವೇ ಸರಿ. ಆದರೆ ಅಭಿಯಾನ ಮುಗಿದ ಮೇಲೆ ಹುಟ್ಟಿದ ಶಿಶುವಿಗೆ ಅದರಿಂದೇನು ರಕ್ಷಣೆ? ಯಾವುದೇ ಲಸಿಕೆಯು ನಿತ್ಯದ ಪಟ್ಟಿಗೆ ಸೇರಿದಾಗಲೇ ಅಭಿಯಾನದ ಫಲ ಉಳಿಯುತ್ತದೆ.

ಹಸ್ತಾಂತರಕ್ಕೆ ಬೇಕಾದುವು

1. ದಾನಿಯ ಪಾಲು ವರ್ಷೇವರ್ಷೇ ಇಳಿದು ಸರ್ಕಾರದ ಪಾಲು ಏರುವಂತೆ ಮೊದಲೇ ಒಪ್ಪಂದವಾಗಬೇಕು. ನೆರವು ಹಠಾತ್ತನೆ ನಿಂತರೆ ಕಷ್ಟಕ್ಕೀಡಾಗುವವು ಮಕ್ಕಳೇ.

2. ಪ್ರತ್ಯೇಕ ದಾದಿಯರನ್ನೂ ಶೀತಲ ಪೆಟ್ಟಿಗೆಗಳನ್ನೂ ಇಡುವ ಬದಲು ಸರ್ಕಾರಿ ಕೇಂದ್ರದ ಸಿಬ್ಬಂದಿಯ ಮೂಲಕವೇ ಕೆಲಸ ನಡೆಯಬೇಕು. ಹೆಚ್ಚಿನ ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿರಬೇಕು; ದಾನಿ ಹಿಂದಿರುಗಿದ ಮೇಲೆಯೂ ಆ ಪೆಟ್ಟಿಗೆ ತಂಪಾಗಿರಬೇಡವೇ?

3. ಹಾಕಿದ ಪ್ರತಿಯೊಂದು ಲಸಿಕೆಯೂ ಸರ್ಕಾರದ ದಾಖಲೆಯಲ್ಲಿ ಸೇರಬೇಕು. ಲೆಕ್ಕವಿಲ್ಲದುದಕ್ಕೆ ಅನುದಾನವಿಲ್ಲ.

ಸಂಘಗಳು ಮಾಡಬಹುದಾದುದು

ನಮ್ಮ ಸಂಘಗಳು ಉತ್ಸಾಹದಿಂದ ಒಂದು ದಿನದ ಶಿಬಿರ ನಡೆಸುವುದುಂಟು. ಆದರೆ ಪೆಂಟಾವೇಲೆಂಟನ್ನು ಮಗುವಿನ 6, 10 ಮತ್ತು 14ನೆಯ ವಾರಗಳಲ್ಲಿ ಮೂರು ಸಲ ಹಾಕಿಸಬೇಕು. ಶಿಬಿರದಲ್ಲಿ ಮೊದಲನೆಯದಾದರೆ ಉಳಿದೆರಡನ್ನು ಹಾಕುವವರಾರು? ಉತ್ತರ ಕರ್ನಾಟಕದಿಂದ ಕಟ್ಟಡದ ಕೆಲಸಕ್ಕೆ ಬಂದು, ಕೆಲಸ ಮುಗಿದೊಡನೆ ಬೇರೆಡೆಗೆ ಹೊರಡುವ ನಮ್ಮವರ ಮಕ್ಕಳಿಗೇ ಈ ಸಲಗಳು ತಪ್ಪುವ ಸಂಭವ ಹೆಚ್ಚು. ಸೀವುಡ್ಸಿನ ಕನ್ನಡಿಗರು ಅಂಥ ತಾಯಂದಿರಿಗೆ ಪಾಲಿಕೆಯ ಆರೋಗ್ಯ ಕೇಂದ್ರದ ದಾರಿ ತೋರಿಸಿ, ಮರಾಠಿ ಬಾರದವರಿಗೆ ಜೊತೆಯಲ್ಲಿ ನಿಂತು ಮಾತನಾಡಿ, ಊರಿನಿಂದ ತಂದ ತಾಯಿ ಕಾರ್ಡನ್ನು ಜೋಪಾನ ಮಾಡಿಸಿದರೆ, ಶಿಬಿರಕ್ಕಿಂತ ಮಿಗಿಲಾದ ಉಪಕಾರವಾಗುತ್ತದೆ. ಲಸಿಕೆ ಮುಗಿದಿದೆಯೆಂದು ಕೇಂದ್ರದವರು ಹಿಂದಕ್ಕೆ ಕಳುಹಿಸಿದರೆ, ಪಾಲಿಕೆಗೆ ಬರೆದು ಕೇಳುವ ಹೊಣೆಯೂ ತೆರಿಗೆ ತೆರುವ ನಮ್ಮದೇ.

ದಾನವು ದಾನಿಯ ಮರ್ಜಿಯನ್ನವಲಂಬಿಸಿದ್ದು. ಅನುದಾನವು ಪ್ರಜೆಯ ಹಕ್ಕು. ಮಕ್ಕಳ ಪ್ರಾಣರಕ್ಷಣೆಯು ಮರ್ಜಿಗೆ ಬಿಡತಕ್ಕ ವಿಷಯವಲ್ಲ.